ತೂಕವೆಂಬ ಎಣಿಕೆ

ಎಪಾಕ್ಸಿ ಅಂಟಿನ ಜೋಡಿ ಡಬ್ಬಿ ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಮಾಮೂಲು ಸರಕು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಬೇರೆಬೇರೆ ಇಟ್ಟರೆ ಎರಡೂ ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಮತ್ತೆಂದೂ ಕರಗದಂತೆ ಗಟ್ಟಿಯಾಗುತ್ತವೆ. ಕೈಗಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅರಾಲ್ಡೈಟ್ ಎಡಬ್ಲ್ಯೂ 106 ಮತ್ತು ಎಚ್‌ವಿ 953 ಜೋಡಿಯ ಮಾಹಿತಿ ಪತ್ರದಲ್ಲಿ ಬೆರಕೆಯ ಪ್ರಮಾಣವನ್ನು ಎರಡು ಬಗೆಯಲ್ಲಿ ಹೇಳಿರುತ್ತಾರೆ: ತೂಕದಲ್ಲಾದರೆ 100ಕ್ಕೆ 80, ಗಾತ್ರದಲ್ಲಾದರೆ 100ಕ್ಕೆ 100. ಬಳಸುವವರು ಸಹಜವಾಗಿಯೇ ಎರಡನೆಯದನ್ನು ಹಿಡಿಯುತ್ತಾರೆ. ಸಮಸಮ ಎನ್ನುವುದು ನೆನಪಿಗೂ ಸುಲಭ, ಕೈಗೂ ಸುಲಭ. ಆದರೆ ಮೂಲದ ಅಂಕಿ ಮೊದಲನೆಯದು. ಎರಡನೆಯದು ಅದರಿಂದ ಹುಟ್ಟಿದ ಅನುಕೂಲ. ಇನ್ನೂ ಬಗೆದು ನೋಡಿದರೆ ತೂಕದ ಅಂಕಿಯ ಬುಡದಲ್ಲಿ ಇರುವುದು ಅಣುಗಳ ಎಣಿಕೆ. ಬೆರೆಸುವ ಕಸುಬಿಗೆ ತಕ್ಕಡಿ ಬಂದದ್ದು ಕೆಲಸಗಾರರಲ್ಲಿ ನಿಖರತೆಯ ಹಂಬಲ ದಿಢೀರನೆ ಹೆಚ್ಚಿದ್ದರಿಂದ ಅಲ್ಲ. ಎರಡು ಪಾಲುಗಳೂ ಮಿಗತೆಯಿಲ್ಲದೆ ಒಂದಕ್ಕೊಂದು ಹೆಣೆದುಕೊಳ್ಳಬೇಕಾದ ವಸ್ತು ಬಂದಾಗ ತಕ್ಕಡಿ ಅನಿವಾರ್ಯವಾಯಿತು. ಇಪ್ಪತ್ತನೆಯ ಶತಮಾನದ ರೆಸಿನ್‌ಗಳ ಚರಿತ್ರೆಯನ್ನು ಹೀಗೆ ಓದಬೇಕು ಎಂಬುದು ಈ ಬರಹದ ವಾದ.

ಎರಡು ಪಾಲು ಬೆರೆಸಿ ಗಟ್ಟಿಗೊಳಿಸುವ ವಿದ್ಯೆ ನಮಗೆ ಹೊಸದಲ್ಲ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯೂ ಅಂಥದೇ. ಇಟ್ಟಿಗೆ ಪುಡಿಯಲ್ಲಿರುವ ಸಿಲಿಕಾ, ಅಲ್ಯುಮಿನಾಗಳು ನೀರಿನ ಸಮ್ಮುಖದಲ್ಲಿ ಸುಣ್ಣದೊಂದಿಗೆ ವರ್ತಿಸುವುದರಿಂದಲೇ ಆ ಗಾರೆ ನೀರಿನಡಿಯಲ್ಲೂ ಬಿಗಿಯುತ್ತದೆ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಸಿಮೆಂಟಿನ ಬದಲು ಈ ಸುರ್ಕಿ ಗಾರೆಯಲ್ಲೇ ಕಟ್ಟಲಾಯಿತು. ಆದರೂ ಗಾರೆ ಕೆಲಸದ ಅಳತೆ ಎಂದಿಗೂ ಬುಟ್ಟಿ, ಬಾಂಡ್ಲಿಗಳ ಅಳತೆಯೇ. ಇಷ್ಟು ಪಾಲು ಸುಣ್ಣಕ್ಕೆ ಇಷ್ಟು ಪಾಲು ಸುರ್ಕಿ ಎಂದರೆ ಸಾಕಿತ್ತು. ಇದನ್ನು ಅಜಾಗರೂಕತೆ ಎನ್ನಲಾಗದು. ಸುರ್ಕಿ ತುಸು ಹೆಚ್ಚಾದರೆ ವರ್ತಿಸದೆ ಉಳಿದ ಪುಡಿ ಮರಳಿನಂತೆ ಗಾರೆಯ ಒಡಲು ತುಂಬುತ್ತದೆ. ಸುಣ್ಣ ತುಸು ಹೆಚ್ಚಾದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ತಾನೇ ನಿಧಾನವಾಗಿ ಕಲ್ಲಾಗುತ್ತದೆ. ಹೀಗೆ ಎರಡೂ ಕಡೆಯ ಮಿಗತೆಗೆ ಒಂದು ಗತಿ ಇತ್ತು. ಗಾರೆ ಅರೆಯುತ್ತಿದ್ದ ಊರಿನಲ್ಲೇ ಅಕ್ಕಸಾಲಿಗ ಗುಲಗಂಜಿಯಲ್ಲಿ ತೂಗುತ್ತಿದ್ದ, ಕಾಳುಕಡ್ಡಿ ಕೊಳಗ, ಸೇರು, ಪಾವುಗಳಲ್ಲಿ ಅಳೆಯಲಾಗುತ್ತಿತ್ತು. ತೂಕ ಬೇಕಾದದ್ದು ಬೆಲೆಬಾಳುವ ವಸ್ತುವಿಗೆ, ಕಲಬೆರಕೆಯ ಶಂಕೆ ಇರುವಲ್ಲಿಗೆ. ವಸ್ತು ಗಟ್ಟಿಯಾಗಲೆಂದು ಮಾಡುವ ಬೆರಕೆಗೆ ತಕ್ಕಡಿಯ ಅಗತ್ಯ ಕಂಡಿರಲಿಲ್ಲ.

ತೂಕಕ್ಕೆ ಬೇರೆಯದೇ ಆದ ಅರ್ಥ ಕೊಟ್ಟವರು ರಸಾಯನ ವಿಜ್ಞಾನಿಗಳು. ಜರ್ಮನಿಯ ಯೆರೆಮಿಯಾಸ್ ಬೆಂಜಮಿನ್ ರಿಕ್ಟರ್ 1792ರಿಂದ ಪ್ರಕಟಿಸಿದ ಬರಹಗಳಲ್ಲಿ ಆಮ್ಲ ಮತ್ತು ಕ್ಷಾರಗಳು ಒಂದನ್ನೊಂದು ತಟಸ್ಥಗೊಳಿಸಲು ಬೇಕಾಗುವ ತೂಕಗಳು ನಿಶ್ಚಿತವೆಂದು ತೋರಿಸಿದ. ಅವನ ಚೆದುರಿದ ಅಂಕಿಗಳನ್ನು ಎರ್ನ್ಸ್ಟ್ ಗಾಟ್‌ಫ್ರೀಡ್ ಫಿಶರ್ 1802ರಲ್ಲಿ ಒಂದೇ ಪಟ್ಟಿಗೆ ತಂದು, 1000 ಪಾಲು ಗಂಧಕಾಮ್ಲಕ್ಕೆ ಯಾವ ವಸ್ತು ಎಷ್ಟು ಸಮ ಎಂದು ಜೋಡಿಸಿದ. 1814ರಲ್ಲಿ ಲಂಡನ್ನಿನ ವಿಲಿಯಂ ಹೈಡ್ ವುಲಾಸ್ಟನ್ ಈ ತುಲ್ಯಭಾರಗಳನ್ನು ಜಾರುವ ಅಳತೆಪಟ್ಟಿಯ ಮೇಲೆ ಗುರುತು ಮಾಡಿ, ಪ್ರಯೋಗಶಾಲೆಯಲ್ಲಿ ಕೂಡಿ ಕಳೆಯದೆಯೇ ಉತ್ತರ ಸಿಗುವಂತೆ ಮಾಡಿದ. ಅಣುಗಳು ನಿಜವಾಗಿ ಇವೆಯೇ ಎಂಬ ಚರ್ಚೆ ಆಗ ಮುಗಿದಿರಲೇ ಇಲ್ಲ. ಲೆಕ್ಕ ಮಾತ್ರ ಸರಿಯಾಗಿ ನಡೆಯುತ್ತಿತ್ತು. ದೇವಸ್ಥಾನದ ಹುಂಡಿಯ ಒಂದೇ ಬಗೆಯ ಚಿಲ್ಲರೆಯನ್ನು ಒಂದೊಂದಾಗಿ ಎಣಿಸದೆ ತೂಗಿ, ಒಂದು ನಾಣ್ಯದ ತೂಕದಿಂದ ಭಾಗಿಸಿದರೆ ಸಂಖ್ಯೆ ಸಿಗುತ್ತದಲ್ಲ, ತುಲ್ಯಭಾರದ ತಿರುಳು ಅಷ್ಟೇ. ಕಣ್ಣಿಗೆ ಕಾಣದ ಕಣಗಳನ್ನು ಎಣಿಸಲು ಇದ್ದ ದಾರಿ ತೂಗುವುದೊಂದೇ. ಇಲ್ಲಿಂದ ಮುಂದೆ ತೂಕ ಬೆಲೆಯ ಅಳತೆಯಾಗಿ ಉಳಿಯಲಿಲ್ಲ, ಸಂಖ್ಯೆಯ ಪ್ರತಿನಿಧಿಯಾಯಿತು. ಆದರೆ ಈ ತಿಳಿವಳಿಕೆ ಕಾರ್ಖಾನೆ, ಪ್ರಯೋಗಶಾಲೆಗಳ ಗೋಡೆ ದಾಟಿ ಅಂಟು ಬಳಿಯುವವನ ಕೈಗೆ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಅಷ್ಟು ತಡವಾದದ್ದಕ್ಕೆ ಕಾರಣ ಮೊದಲ ಕೃತಕ ರೆಸಿನ್‌ಗಳಲ್ಲೇ ಸಿಗುತ್ತದೆ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್‌ನಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳ ಅನುಪಾತವೇ ವಸ್ತುವಿನ ಜಾತಿಯನ್ನು ನಿರ್ಧರಿಸುತ್ತಿತ್ತು. ಫಾರ್ಮಾಲ್ಡಿಹೈಡ್ ಹೆಚ್ಚಿಟ್ಟು ಕ್ಷಾರದೊಂದಿಗೆ ಕಾಯಿಸಿದರೆ ಬಿಸಿಗೆ ತಾನೇ ಗಟ್ಟಿಯಾಗುವ ರೆಸೋಲ್. ಫೀನಾಲ್ ಹೆಚ್ಚಿಟ್ಟು ಆಮ್ಲದೊಂದಿಗೆ ಕಾಯಿಸಿದರೆ, ಹೆಕ್ಸಮೈನ್ ಸೇರಿಸುವತನಕ ಗಟ್ಟಿಯಾಗದ ನೊವೊಲ್ಯಾಕ್. ಆದರೆ ಆ ತೂಗುವ ಕೆಲಸ ಕಾರ್ಖಾನೆಯ ಕಡಾಯಿಯ ಬಳಿಯಲ್ಲೇ ಮುಗಿದುಹೋಗುತ್ತಿತ್ತು. ಬಳಸುವವರಿಗೆ ತಲುಪುತ್ತಿದ್ದದ್ದು ಅಚ್ಚಿಗೆ ಹಾಕಿ ಒತ್ತುವ ಸಿದ್ಧ ಪುಡಿ. ಮುಂದೆ ಕೇಂಬ್ರಿಡ್ಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಕಟ್ಟಿದ ಏರೋ ರಿಸರ್ಚ್ ಸಂಸ್ಥೆ 1937ರಲ್ಲಿ ಏರೋಲೈಟ್ ಎಂಬ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ತಂದಿತು. ಮಾಸ್ಕಿಟೋ ಎಂಬ ಮರದ ಯುದ್ಧವಿಮಾನದ ತಯಾರಿಕೆಯಲ್ಲಿ ಹೆಸರು ಮಾಡಿದ ಈ ಅಂಟೂ ಎರಡು ಪಾಲಿನದೇ. ಅದನ್ನು ಬಳಸುವ ಕ್ರಮ ಮಾತ್ರ ಬೇರೆ: ಒಂದು ಹಲಗೆಗೆ ರೆಸಿನ್, ಎದುರು ಹಲಗೆಗೆ ಆಮ್ಲದ ಹಾರ್ಡನರ್ ಬಳಿದು ಎರಡನ್ನೂ ಒತ್ತಿ ಹಿಡಿಯುವುದು. ಅದೇ ಸಂಸ್ಥೆ 1941ರಲ್ಲಿ ಲೋಹ ಬೆಸೆಯಲೆಂದು ತಂದ ರೆಡಕ್ಸ್‌ನಲ್ಲಿ ದ್ರವ ಬಳಿದ ಮೇಲೆ ಪುಡಿ ಉದುರಿಸಿ, ಅಂಟದೆ ಉಳಿದದ್ದನ್ನು ಕೊಡವಿಬಿಡುತ್ತಿದ್ದರು. ಅಂದರೆ ವಿಮಾನ ಕಟ್ಟುವಷ್ಟು ಸೂಕ್ಷ್ಮವಾದ ಕೆಲಸದಲ್ಲೂ ಕಾರ್ಮಿಕ ತಕ್ಕಡಿ ಮುಟ್ಟಬೇಕಾಗಿರಲಿಲ್ಲ. ಏರೋಲೈಟ್‌ನ ಆಮ್ಲ ಕ್ರಿಯೆಗೆ ಚುರುಕು ಕೊಡುತ್ತಿತ್ತೇ ಹೊರತು ಹೆಣಿಗೆಯ ಅರ್ಧಭಾಗವಾಗುತ್ತಿರಲಿಲ್ಲ. ಕೆಲಸದ ಗಾಂಭೀರ್ಯ ಹೆಚ್ಚಿದರೆ ತಾನಾಗಿಯೇ ತೂಕ ಬರುತ್ತದೆ ಎಂಬ ಊಹೆ ಇಲ್ಲಿ ಸುಳ್ಳಾಗುತ್ತದೆ.

ಪರಿಸ್ಥಿತಿ ಬದಲಾದದ್ದು ಎಪಾಕ್ಸಿಯಿಂದ. ಅದರ ಮೂಲದಲ್ಲಿ ಇದ್ದದ್ದು ವಿಮಾನ ಅಲ್ಲ, ಹಲ್ಲು. ಜ್ಯೂರಿಕ್‌ನ ಡಿ ಟ್ರೇ ಎಂಬ ದಂತ ಸಾಮಗ್ರಿ ಕಂಪನಿಗೆ ಕೆಲಸ ಮಾಡುತ್ತಿದ್ದ ಪಿಯರ್ ಕಾಸ್ಟಾನ್, ಗಟ್ಟಿಯಾಗುವಾಗ ಅಷ್ಟಾಗಿ ಕುಗ್ಗದ ಕಟ್ಟುಹಲ್ಲಿನ ವಸ್ತು ಹುಡುಕುತ್ತ, 1938ರಲ್ಲಿ ಎಪಾಕ್ಸಿ ರೆಸಿನ್‌ಗೆ ಸ್ವಿಸ್ ಪೇಟೆಂಟ್ ಅರ್ಜಿ ಹಾಕಿದ. ಹಲ್ಲಿನ ಮಾರುಕಟ್ಟೆ ಅದನ್ನು ಒಪ್ಪಲಿಲ್ಲ. ಬಾಸೆಲ್‌ನ ಸೀಬಾ ಕಂಪನಿ ಹಕ್ಕು ಪಡೆದು, 1940ರ ದಶಕದ ನಡುವಿನಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ಡೆವೋ ಅಂಡ್ ರೇನಾಲ್ಡ್ಸ್ ಬಣ್ಣದ ಕಂಪನಿಯಲ್ಲಿ ಸಿಲ್ವನ್ ಗ್ರೀನ್‌ಲೀ ಲೇಪನಗಳಿಗಾಗಿ ಇದೇ ಬಗೆಯ ರೆಸಿನ್ ರೂಪಿಸುತ್ತಿದ್ದ. ಕಾಸ್ಟಾನ್ ಮೊದಲು ಬಳಸಿದ ಥಾಲಿಕ್ ಅನ್‌ಹೈಡ್ರೈಡ್‌ಗೆ ಕಾವು ಬೇಕಿತ್ತು. ಅಮೈನ್ ಜಾತಿಯ ಹಾರ್ಡನರ್‌ಗಳು ಬಂದ ಮೇಲೆ ಒಲೆಯ ಹಂಗಿಲ್ಲದೆ ಕೋಣೆಯ ಬಿಸಿಯಲ್ಲೇ ರೆಸಿನ್ ಗಟ್ಟಿಯಾಗತೊಡಗಿತು. ಆ ಅನುಕೂಲದ ಜೊತೆಗೇ ಒಂದು ಕಟ್ಟುಪಾಡೂ ಬಂತು. ರೆಸಿನ್ ಅಣುವಿನ ತುದಿಯ ಒಂದೊಂದು ಎಪಾಕ್ಸಿ ಉಂಗುರವನ್ನು ತೆರೆಯಲು ಅಮೈನಿನ ಸಾರಜನಕಕ್ಕೆ ಅಂಟಿದ ಒಂದೊಂದು ಹೈಡ್ರೋಜನ್ ಬೇಕು. ಹಾರ್ಡನರ್ ಕ್ರಿಯೆಯನ್ನು ಚುರುಕುಗೊಳಿಸಿ ಪಕ್ಕಕ್ಕೆ ಸರಿಯುವುದಿಲ್ಲ. ತಾನೇ ಹೆಣಿಗೆಯ ಭಾಗವಾಗುತ್ತದೆ. ಅದು ಹೆಚ್ಚಾದರೆ ಜೋಡಿ ಸಿಗದ ಅಮೈನ್ ಉಳಿದು ತೇವ ಎಳೆದುಕೊಳ್ಳುತ್ತದೆ, ಮೇಲ್ಮೈ ಜಿಗುಟಾಗುತ್ತದೆ. ಕಡಿಮೆಯಾದರೆ ಹೆಣಿಗೆ ಅರ್ಧಕ್ಕೇ ನಿಂತು, ವಸ್ತು ಬಿಸಿಗೆ ಬೇಗ ಮೆತ್ತಗಾಗುತ್ತದೆ. ಸುರ್ಕಿಯಲ್ಲಿ ಮಿಗತೆಗಿದ್ದ ಆಶ್ರಯ ಇಲ್ಲಿ ಇಲ್ಲ.

ಲೆಕ್ಕ ಮಾತ್ರ ಹೈಸ್ಕೂಲಿನ ತ್ರೈರಾಶಿಗಿಂತ ಕಷ್ಟದ್ದಲ್ಲ. ಬಿಸ್‌ಫೀನಾಲ್ ಎ ಆಧಾರಿತ ಶುದ್ಧ ರೆಸಿನ್ನಿನ ಅಣುತೂಕ 340, ಅದರಲ್ಲಿ ಎಪಾಕ್ಸಿ ಉಂಗುರಗಳು ಎರಡು; ಹಾಗಾಗಿ ಉಂಗುರವೊಂದಕ್ಕೆ ಬೀಳುವ ತೂಕ 170. ಮಾರುಕಟ್ಟೆಯ ದ್ರವ ರೆಸಿನ್‌ನಲ್ಲಿ ಸ್ವಲ್ಪ ಉದ್ದನೆಯ ಅಣುಗಳೂ ಬೆರೆತಿರುವುದರಿಂದ ಈ ಅಂಕಿ ಸಾಮಾನ್ಯವಾಗಿ 182ರಿಂದ 192ರ ನಡುವೆ ಇರುತ್ತದೆ, 190 ಎಂದಿಟ್ಟುಕೊಳ್ಳೋಣ. ಟ್ರೈಎಥಿಲೀನ್ ಟೆಟ್ರಮೈನ್ ಎಂಬ ಹಾರ್ಡನರ್‌ನ ಅಣುತೂಕ ಸುಮಾರು 146, ಅದರಲ್ಲಿ ಕೆಲಸಕ್ಕೆ ಬರುವ ಹೈಡ್ರೋಜನ್ ಆರು; ಒಂದಕ್ಕೆ ಸುಮಾರು 24.4. ಅಂದರೆ 190 ಗ್ರಾಂ ರೆಸಿನ್‌ಗೆ 24.4 ಗ್ರಾಂ, 100 ಗ್ರಾಮಿಗೆ ಸುಮಾರು 13 ಗ್ರಾಂ ಹಾರ್ಡನರ್. ಅದರ ತಮ್ಮನಂತಿರುವ ಡೈಎಥಿಲೀನ್ ಟ್ರೈಅಮೈನ್‌ನಲ್ಲಿ 103ನ್ನು ಐದರಿಂದ ಭಾಗಿಸಿದರೆ 20.6, 100 ಗ್ರಾಂ ರೆಸಿನ್‌ಗೆ ಸುಮಾರು 11 ಗ್ರಾಂ. ನೋಡಲು ಒಂದೇ ತೆರನಾದ ಎರಡು ದ್ರವಗಳಿಗೆ ಎರಡು ಅಂಕಿ ಏಕೆ ಎನ್ನುವುದು ಈ ಲೆಕ್ಕ ಮಾಡದೆ ತಿಳಿಯುವುದಿಲ್ಲ. ರೆಸಿನ್ ತೆಳುವಾಗಲೆಂದು ನೂರಕ್ಕೆ ಹತ್ತು ಪಾಲು ಬ್ಯೂಟೈಲ್ ಗ್ಲೈಸಿಡೈಲ್ ಈಥರ್ ಬೆರೆಸಿದರೆ, ಅದಕ್ಕೂ ಒಂದು ಉಂಗುರ ಇರುವುದರಿಂದ ಹಾರ್ಡನರ್ ತುಸು ಹೆಚ್ಚು ಬೇಕಾಗುತ್ತದೆ. ತದ್ವಿರುದ್ಧವಾಗಿ 100 ಗ್ರಾಂ ರೆಸಿನ್‌ಗೆ 150 ಗ್ರಾಂ ಸಿಲಿಕಾ ಪುಡಿ ತುಂಬಿದರೆ ಹಾರ್ಡನರ್ ಒಂದು ಗ್ರಾಮೂ ಹೆಚ್ಚಬಾರದು, ಪುಡಿಗೆ ಉಂಗುರವಿಲ್ಲ. ಒಟ್ಟು 250 ಗ್ರಾಂ ಎಂದು ಹಿಡಿದು ನೂರಕ್ಕೆ 13ರಂತೆ ಸುರಿದರೆ ಬೇಕಾದದ್ದರ ಎರಡೂವರೆ ಪಟ್ಟು ಬೀಳುತ್ತದೆ. ತೂಗಿದರೂ ತಪ್ಪಾಗಬಹುದು ಎಂಬುದಕ್ಕೆ ಇದು ಉದಾಹರಣೆ: ಯಾವುದನ್ನು ಎಣಿಸುತ್ತಿದ್ದೇವೆ ಎಂದು ಗೊತ್ತಿಲ್ಲದ ತೂಕ ಬರೀ ಭಾರ.

ಹಾಗಾದರೆ ಎಣಿಕೆಗೆ ತೂಕವೇ ಏಕೆ, ಗಾತ್ರ ಏಕಾಗದು? ಆಗುತ್ತದೆ, ಸಾಂದ್ರತೆ ಗೊತ್ತಿದ್ದರೆ. ದ್ರವ ಎಪಾಕ್ಸಿಯ ಸಾಂದ್ರತೆ ಸುಮಾರು 1.16, ಮೇಲೆ ಹೇಳಿದ ಅಮೈನಿನದು ಸುಮಾರು 0.98. ತೂಕದಲ್ಲಿ 100ಕ್ಕೆ 13 ಎಂಬುದು ಗಾತ್ರದಲ್ಲಿ 100ಕ್ಕೆ 15ರ ಮೇಲಾಗುತ್ತದೆ. ಹತ್ತಕ್ಕೆ ಒಂದು ಎಂದು ತೂಕದಲ್ಲಿ ಹೇಳಿದ್ದನ್ನು ಲೋಟದ ಅಳತೆಯಲ್ಲಿ ಹಾಕಿದರೆ ಹಾರ್ಡನರ್ ಆರರಲ್ಲೊಂದು ಪಾಲಿನಷ್ಟು ಕಡಿಮೆ ಬೀಳುತ್ತದೆ. ಇದಲ್ಲದೆ ಜೇನಿನಂಥ ರೆಸಿನ್ ಅಳತೆಯ ಲೋಟದ ಗೋಡೆಗೆ ಮೆತ್ತಿಕೊಂಡು ಉಳಿಯುತ್ತದೆ, ಗಾಳಿಗುಳ್ಳೆ ಸೇರಿ ಉಬ್ಬುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಲ್ಲೇ ಸುರಿದರೆ ಈ ಮೂರೂ ತೊಂದರೆ ಇಲ್ಲ. ಗುಳ್ಳೆಗೆ ತೂಕವಿಲ್ಲ, ಬಿಸಿಗೆ ತೂಕ ಬದಲಾಗದು, ಗೋಡೆಗೆ ಮೆತ್ತಿದ್ದೂ ಬೆರಕೆಯ ಪಾತ್ರೆಯಲ್ಲೇ ಇರುತ್ತದೆ. ಅಣುತೂಕವೇ ಲೆಕ್ಕದ ಆರಂಭವಾದ್ದರಿಂದ ತಕ್ಕಡಿ ಎಣಿಕೆಗೆ ಒಂದು ಹೆಜ್ಜೆ ಹತ್ತಿರ. ಗಾತ್ರಕ್ಕೆ ಹೋಗಬೇಕಾದರೆ ಸಾಂದ್ರತೆಯ ಇನ್ನೊಂದು ಮೆಟ್ಟಿಲು ಹತ್ತಬೇಕು, ಹತ್ತುವಲ್ಲೆಲ್ಲ ಜಾರುವ ಅಪಾಯ ಇದ್ದೇ ಇದೆ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಲೆಕ್ಕ ಅಷ್ಟು ಮುಖ್ಯವಾಗಿದ್ದರೆ ಬಳಕೆಯ ಅಂಕಿ ಅದಕ್ಕೆ ಹೊಂದಬೇಕಲ್ಲ? ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಎಲ್‌ವೈ 556 ರೆಸಿನ್ ಮತ್ತು ಎಚ್‌ವೈ 951 ಹಾರ್ಡನರ್ ಜೋಡಿ ಬಹಳ ಬಳಕೆಯಲ್ಲಿದೆ. ಆ ಹಾರ್ಡನರ್ ಟ್ರೈಎಥಿಲೀನ್ ಟೆಟ್ರಮೈನ್ ಜಾತಿಯದು. ಲೆಕ್ಕದ ಪ್ರಕಾರ 100ಕ್ಕೆ 13 ಬೇಕು. ರೂಢಿಯಲ್ಲಿ ತೂಕದಲ್ಲಿ ಹತ್ತಕ್ಕೆ ಒಂದು ಹಾಕುತ್ತಾರೆ. ವ್ಯತ್ಯಾಸ ಸಣ್ಣದಲ್ಲ. ಇದರಿಂದ ಲೆಕ್ಕ ಕಾಗದದ ಮೇಲಿನ ಅಲಂಕಾರ ಎಂಬ ತೀರ್ಮಾನಕ್ಕೆ ಬರಬಹುದೇ? ಬರಲಾಗದು. ಅಮೈನಿನ ಹೈಡ್ರೋಜನ್‌ಗಳು ಮುಗಿದ ಮೇಲೂ ಉಳಿದ ಸಾರಜನಕ ಎಪಾಕ್ಸಿ ಉಂಗುರಗಳು ತಮ್ಮತಮ್ಮಲ್ಲೇ ಒಂದಿಷ್ಟು ಕೂಡಿಕೊಳ್ಳಲು ನೆರವಾಗಬಲ್ಲದು. ಹಾರ್ಡನರ್ ಕಡಿಮೆಯಿದ್ದರೆ ಕಾವು ಏರುವ ರಭಸವೂ ತಗ್ಗಿ, ಬೆರೆಸಿದ್ದನ್ನು ಬಳಸಲು ಹೆಚ್ಚು ಹೊತ್ತು ಸಿಗುತ್ತದೆ. ಬಲ, ಬಿಸಿ ತಾಳಿಕೆ, ಕೆಲಸದ ಸಮಯ ಎಲ್ಲವನ್ನೂ ಪರೀಕ್ಷಿಸಿ ಅಂತಿಮ ಅಂಕಿ ಗೊತ್ತುಮಾಡುವುದು ಕೈಗಾರಿಕೆಯ ಕ್ರಮ. ಹಾಗೆ ಸರಿಸಿದ ಅಂಕಿಯನ್ನು ಸರಿಸಿದ್ದು ಎಂದು ಗುರುತಿಸಲಾದರೂ 13 ಎಂಬ ನೆಲೆ ಬೇಕು. ನೆಲೆ ಗೊತ್ತಿರುವವನು 10ಕ್ಕೆ ಇಳಿಯುವುದು ಆಯ್ಕೆ. ಗೊತ್ತಿಲ್ಲದವನು 10ರಿಂದ 8ಕ್ಕೆ ಜಾರಿದರೆ ಅದು ಆಕಸ್ಮಿಕ, ಅವನಿಗೆ ಎರಡರ ನಡುವಿನ ಅಂತರವೂ ಕಾಣದು.

ಎರಡನೆಯ ಆಕ್ಷೇಪ ಬಡಗಿಯ ಕಡೆಯಿಂದ ಬರುತ್ತದೆ. ಎರಡು ಟ್ಯೂಬಿನಿಂದ ಸಮಸಮ ಉದ್ದದ ಎಳೆ ಹಿಂಡಿ, ತಗಡಿನ ಚೂರಿನ ಮೇಲೆ ಕಲಸಿ ಹಚ್ಚಿದ ಅಂಟು ವರ್ಷಗಟ್ಟಲೆ ಬಿಡುವುದಿಲ್ಲ. ಸೋರುವ ಪೈಪಿಗೆ ಹಚ್ಚುವ ಎಂ-ಸೀಲ್‌ನ ಎರಡು ಉಂಡೆಗಳನ್ನು ಯಾರೂ ತೂಗಿ ನಾದುವುದಿಲ್ಲ. ಅನುಭವ ಸುಳ್ಳಲ್ಲ. ಆದರೆ ಆ ಸಲುಗೆ ಪ್ರಕೃತಿದತ್ತವಲ್ಲ, ಅದನ್ನು ಯೋಜಿಸಿ ತಯಾರಿಸಲಾಗಿದೆ. ಸಸ್ಯತೈಲಗಳ ಕೊಬ್ಬಿನಾಮ್ಲಗಳಿಂದ ಮಾಡಿದ ಪಾಲಿಅಮೈಡ್ ಜಾತಿಯ ಹಾರ್ಡನರ್‌ಗಳ ಅಣುಗಳು ದೊಡ್ಡವು. ಒಂದು ಹೈಡ್ರೋಜನ್‌ಗೆ ಬೀಳುವ ತೂಕ 24ರ ಬದಲು ಅದರ ಹಲವು ಪಟ್ಟು. ಹಾಗಾಗಿ 100ಕ್ಕೆ 13ರ ಜಾಗದಲ್ಲಿ 100ಕ್ಕೆ 80ರಂಥ ಅಂಕಿ ಬರುತ್ತದೆ. ಹದಿಮೂರರಲ್ಲಿ ಮೂರು ಗ್ರಾಂ ತಪ್ಪಿದರೆ ಕಾಲುಭಾಗದ ತಪ್ಪು, ಎಂಬತ್ತರಲ್ಲಿ ಮೂರು ತಪ್ಪಿದರೆ ಗಣನೆಗೆ ಬಾರದು. ಉದ್ದನೆಯ ಮೆತ್ತನೆಯ ಅಣುಗಳು ಮಿಗತೆಯನ್ನೂ ಒಂದಿಷ್ಟು ತಾಳಿಕೊಳ್ಳುತ್ತವೆ. ಇದರ ಜೊತೆಗೆ ಎರಡು ಪಾಲುಗಳ ಸಾಂದ್ರತೆಯನ್ನು ನೋಡಿಕೊಂಡು, 100ಕ್ಕೆ 80 ಎಂಬ ತೂಕ ಗಾತ್ರದಲ್ಲಿ ಸಮಸಮವಾಗಿ ಕೂರುವಂತೆ ಹೊಂದಿಸಿದ್ದಾರೆ. ಬಡಗಿ ಲೆಕ್ಕ ಮಾಡುವುದಿಲ್ಲವೆಂದರೆ ಅವನ ಪರವಾಗಿ ಬೇರೊಬ್ಬರು ಮೊದಲೇ ಮಾಡಿಟ್ಟಿದ್ದಾರೆ ಎಂದಷ್ಟೇ ಅರ್ಥ. ಟ್ಯೂಬು ತಕ್ಕಡಿಯನ್ನು ಸೋಲಿಸಲಿಲ್ಲ, ತನ್ನೊಳಗೆ ಅಡಗಿಸಿಕೊಂಡಿತು.

ಮೂರನೆಯ ಆಕ್ಷೇಪ ಫೈಬರ್‌ಗ್ಲಾಸ್ ಕಸುಬಿನದು. ನೀರಿನ ತೊಟ್ಟಿ, ದೋಣಿ, ಬಸ್ಸಿನ ಬಿಡಿಭಾಗ ಮಾಡುವ ಕಾರ್ಯಾಗಾರಗಳಲ್ಲಿ ಪಾಲಿಯೆಸ್ಟರ್ ರೆಸಿನ್‌ಗೆ ಎಂಇಕೆಪಿ ಎಂಬ ಪೆರಾಕ್ಸೈಡನ್ನು ನೂರಕ್ಕೆ ಒಂದೆರಡು ಪಾಲು ಹಾಕುತ್ತಾರೆ. ಚಳಿಗೆ ತುಸು ಜಾಸ್ತಿ, ಬೇಸಿಗೆಗೆ ತುಸು ಕಡಿಮೆ. ಕೈಹದವೇ ಅಲ್ಲಿ ಪ್ರಮಾಣ, ಮತ್ತು ಅದು ನಡೆಯುತ್ತದೆ. ನಡೆಯುವುದಕ್ಕೆ ಕಾರಣ ಆ ಪೆರಾಕ್ಸೈಡ್ ಕ್ರಿಯೆಯನ್ನು ಶುರುಮಾಡುವ ಕಿಡಿ ಮಾತ್ರ. ಹೆಣೆದುಕೊಳ್ಳುವ ಪಾಲುಗಳೆರಡೂ, ಅಂದರೆ ಪಾಲಿಯೆಸ್ಟರ್ ಮತ್ತು ಸ್ಟೈರೀನ್, ಒಂದೇ ಡಬ್ಬಿಯಲ್ಲಿ ಕಾರ್ಖಾನೆಯಿಂದಲೇ ತೂಗಿಕೊಂಡು ಬಂದಿರುತ್ತವೆ. ಅಲ್ಲಿ ಪ್ರಮಾಣ ಬದಲಿಸಿದರೆ ವೇಗ ಬದಲಾಗುತ್ತದೆ. ಎಪಾಕ್ಸಿಯಲ್ಲಿ ಬದಲಿಸಿದರೆ ವಸ್ತುವೇ ಬದಲಾಗುತ್ತದೆ. ಹೊರಗಿನಿಂದ ಒಂದೇ ರೀತಿ ಕಾಣುವ, ಎರಡು ದ್ರವ ಬೆರೆಸಿ ಗಾಜುನಾರಿನ ಮೇಲೆ ಬಳಿಯುವ ಎರಡು ಕಸುಬುಗಳಲ್ಲಿ ಒಂದರ ಜಾಣತನ ಇನ್ನೊಂದರಲ್ಲಿ ಕೇಡಾಗುವುದು ಹೀಗೆ. ಬೇಗ ಗಟ್ಟಿಯಾಗಲಿ ಎಂದು ಎಪಾಕ್ಸಿಗೆ ಹಾರ್ಡನರ್ ಹೆಚ್ಚು ಸುರಿಯುವ ಅಭ್ಯಾಸಕ್ಕೆ ಇಂಥ ಅನುಭವವೇ ಆಧಾರ. ಆದ್ದರಿಂದ ಈ ಆಕ್ಷೇಪ ವಾದವನ್ನು ಒಡೆಯುವ ಬದಲು ಅದರ ಎಲ್ಲೆಯನ್ನು ಗುರುತಿಸುತ್ತದೆ: ತಕ್ಕಡಿಯ ಕಟ್ಟುಪಾಡು ಎರಡು ಪಾಲೂ ಹೆಣಿಗೆಗೆ ಸೇರುವ ವಸ್ತುವಿಗೆ ಮಾತ್ರ.

ಕಳೆದ ಕೆಲವು ದಶಕಗಳ ಚರಿತ್ರೆ ಈ ತಕ್ಕಡಿ ಬಳಕೆದಾರನಿಂದ ಮತ್ತೆ ದೂರ ಸರಿದ ಕತೆ. ಬೆಂಗಳೂರಿನ ವಿಮಾನ ಕೈಗಾರಿಕೆಯಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿ 1993ರಲ್ಲಿ ಮೊದಲು ಹಾರಿದ ಹಂಸ ಎಂಬ ಎರಡು ಆಸನದ ತರಬೇತಿ ವಿಮಾನದ ಒಡಲು ನಾರು ಮತ್ತು ರೆಸಿನ್‌ನದು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ನಲ್ಲಿ ಇಂಗಾಲ ನಾರಿನ ಸಂಯುಕ್ತಗಳ ಪಾಲು ಬಹಳ ದೊಡ್ಡದು. ತೇಜಸ್‌ನಂಥ ವಿಮಾನಗಳಿಗೆ ಬಳಸುವ ಪ್ರೀಪ್ರೆಗ್ ಎಂದರೆ ತೂಗಿ ಬೆರೆಸಿದ ರೆಸಿನ್‌ನಲ್ಲಿ ಮೊದಲೇ ತೋಯಿಸಿ, ತಣ್ಣಗಿಟ್ಟು ಕ್ರಿಯೆಯನ್ನು ತಡೆಹಿಡಿದ ನಾರಿನ ಹಾಳೆ. ಹಾಳೆ ಜೋಡಿಸಿ ಕಾಯಿಸುವವರು ಎರಡು ಡಬ್ಬಿ ನೋಡುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಜೋಡಿ ಕೊಳವೆಯ ಕಾರ್ಟ್ರಿಜ್‌ಗಳು, ತಾವೇ ಅಳೆದು ಬೆರೆಸುವ ಯಂತ್ರಗಳು, ಮೊದಲೇ ತೂಗಿದ ಪೊಟ್ಟಣಗಳು ಬಂದಿವೆ. ಅತ್ಯಂತ ಗಂಭೀರ ಕೆಲಸದಲ್ಲೂ ಅತ್ಯಂತ ಸಾಮಾನ್ಯ ಕೆಲಸದಲ್ಲೂ ಬೆರಕೆ ಕಣ್ಮರೆಯಾಗುತ್ತಿದೆ. ಬೇಕಲೈಟ್‌ನ ಕಾಲದಂತೆ ಎಣಿಕೆ ಮತ್ತೆ ಕಾರ್ಖಾನೆಯೊಳಕ್ಕೆ ಹೋಗಿದೆ.

ಇದರಲ್ಲಿ ದೂರುವಂಥದ್ದು ಹೆಚ್ಚೇನಿಲ್ಲ, ತಪ್ಪುಗಳು ಕಡಿಮೆಯಾಗಿವೆ. ಚಿಂತೆ ಇರುವುದು ನಡುವಿನ ಜಾಗದ ಬಗ್ಗೆ. ಮೋಟಾರ್ ಸುರುಳಿಗೆ ರೆಸಿನ್ ತುಂಬುವ ಸಣ್ಣ ಘಟಕ, ನೆಲಕ್ಕೆ ಎಪಾಕ್ಸಿ ಹಾಸುವ ಗುತ್ತಿಗೆದಾರ, ಬಿರುಕುಬಿಟ್ಟ ಕಾಂಕ್ರೀಟಿಗೆ ರೆಸಿನ್ ಇಳಿಸುವವರು, ಮೇಜಿನ ಮೇಲೆ ರೆಸಿನ್ ಸುರಿದು ಅಲಂಕಾರ ಮಾಡುವ ಹವ್ಯಾಸಿಗಳು, ಇವರೆಲ್ಲ ಇಂದಿಗೂ ಎರಡು ಡಬ್ಬಿಗಳಿಂದಲೇ ಬೆರೆಸುತ್ತಾರೆ. ಮೂರಕ್ಕೆ ಒಂದು, ಎರಡಕ್ಕೆ ಒಂದು ಎಂಬ ಅಂಕಿಯನ್ನು ತೂಕವೋ ಗಾತ್ರವೋ ಎಂದು ಕೇಳದೆ ನೆನಪಿಟ್ಟುಕೊಳ್ಳುತ್ತಾರೆ. ಒಂದು ಕಂಪನಿಯ ಹಾರ್ಡನರ್ ಮುಗಿದಾಗ ಇನ್ನೊಂದರದ್ದನ್ನು ಅದೇ ಪ್ರಮಾಣದಲ್ಲಿ ಹಾಕಲು ಅವರನ್ನು ತಡೆಯುವ ಜ್ಞಾನ ಅಂಕಿಯಲ್ಲಿ ಇಲ್ಲ, ಅಂಕಿ ಹುಟ್ಟಿದ ಬಗೆಯಲ್ಲಿದೆ. ಗ್ರಾಮಿನ ಹತ್ತರಲ್ಲೊಂದು ಪಾಲು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಈಗ ಸಣ್ಣ ಕಾರ್ಯಾಗಾರಕ್ಕೂ ದುಬಾರಿಯಲ್ಲ. ಆದ್ದರಿಂದ ಡಬ್ಬಿಯ ಮೇಲೆ ತೂಕದ ಅನುಪಾತವನ್ನು ಮೊದಲು, ಗಾತ್ರದ್ದನ್ನು ಆಮೇಲೆ ಅಚ್ಚು ಹಾಕುವುದು, ಅದರ ಪಕ್ಕದಲ್ಲಿ ರೆಸಿನ್ ಮತ್ತು ಹಾರ್ಡನರ್‌ಗಳ ತುಲ್ಯಭಾರ ಕೊಡುವುದು, ಐಟಿಐಗಳಲ್ಲಿ ಈ ತ್ರೈರಾಶಿಯನ್ನು ಕಲಿಸುವುದು ಯಾರಿಗೂ ಹೊರೆಯಾಗದ ಕೆಲಸ. ಸುರ್ಕಿಯ ಕಾಲದಲ್ಲಿ ಬಾಂಡ್ಲಿ ಸಾಕಾಗಿದ್ದದ್ದು ಆ ವಸ್ತುವಿನ ಗುಣದಿಂದ. ಎಪಾಕ್ಸಿಗೆ ತಕ್ಕಡಿ ಬೇಕಾಗಿರುವುದೂ ವಸ್ತುವಿನ ಗುಣದಿಂದಲೇ. ಯಾವ ಬೆರಕೆಗೆ ಯಾವ ಅಳತೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ವಸ್ತು, ರೂಢಿಯಲ್ಲ.